ಊರು ಅನ್ನುವ ಕಾಲಮ್ಮು

ಹಸಿ ಕಡಲೆಕಾಯಿಗೆ ಮುಷ್ಟಿ ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿ, ಆವಿ ಆರುವ ಮೊದಲೇ ಸ್ಟೀಲಿನ ಬೋಗುಣಿಗೆ ಬಗ್ಗಿಸಿಕೊಂಡು ಹೋಗಿ ಪಕ್ಕದ ಮನೆಯ ವಾಲ್ಟ್ ಅವರಿಗೆ ಕೊಟ್ಟೆನಲ್ಲ, ಅವರು ಒಂದನ್ನು ಕೈಯಲ್ಲಿ ಹಿಡಿದು ಹಿಚುಕಿ, ನೀರು ಚಿಮ್ಮಿದ್ದನ್ನು ಕಂಡು, "ಪಾಪ, ಇದು ಮಳೆಯಲ್ಲಿ ನೆಂದುಹೋಗಿದೆಯಲ್ಲ" ಅಂದುಬಿಟ್ಟರು. ಕಡಲೆಕಾಯಿ ಎಂದರೆ ಹುರಿದದ್ದು, ಬೇಸ್‌ಬಾಲ್ ಆಟ ನೋಡುತ್ತಾ ಸಿಪ್ಪೆಯನ್ನು ಕಾಲಬುಡಕ್ಕೇ ಚೆಲ್ಲುತ್ತಾ ತಿನ್ನುವಂಥದ್ದು ಎಂಬುದು ಅವರ ಖಚಿತ ನಂಬಿಕೆ. ನನಗೆ ಸರ್ರನೆ ಸಿಟ್ಟು ಬಂತು. ನನ್ನ ಅಡುಗೆಗೆ ಹೆಸರಿಡುವವರನ್ನು ನಾನು ಸುಲಭಕ್ಕೆ ಬಿಡುವವಳಲ್ಲ. ಅಲ್ಲೇ ವರಾಂಡದಲ್ಲಿ ಕೂತು ತಿನ್ನಿಸಿಯೇ ಎದ್ದೆ. ಹಾಗೆ ಶುರುವಾದ ಸ್ನೇಹ ನಮ್ಮದು.

ವಾಲ್ಟ್ ಮೂವತ್ತು ವರ್ಷ ಅಂಚೆ ಹಂಚಿದವರು. ಹುಟ್ಟಿದ್ದು ಡಿಟ್ರಾಯ್ಟಿನ ಅಂಚಿನಲ್ಲಿ, ಬಾಳಿದ್ದೆಲ್ಲ ನಮ್ಮ ಮೇಪಲ್ ಬೆಂಡಿನಲ್ಲಿ. ಮೇಪಲ್ ಬೆಂಡ್ ಎಂದರೆ ಶಿಕಾಗೋ ಬಳಿಯ ಲಿಸ್ಲ್‌ನಿಂದ ಹೆದ್ದಾರಿಯಲ್ಲಿ ಎರಡು ಎಗ್ಸಿಟ್ ಆಚೆ ಇರುವ, ಹೆಸರು ಹೇಳಿದರೆ ಯಾರೂ "ಓಹೋ" ಅನ್ನದಂಥ ಸಣ್ಣ ಸಬರ್ಬು. ಅವರಿಗೆ ಬೇಸ್‌ಬಾಲ್ ಅಂದರೆ ಪ್ರಾಣ, ನನಗೆ ತಲೆಚಿಟ್ಟು. ಒಬ್ಬ ಎಸೆಯಬೇಕು, ಇನ್ನೊಬ್ಬ ಬೀಸಬೇಕು, ಬಾಲು ಸಿಕ್ಕಲಿಲ್ಲವೆಂದು ಮೂರನೆಯವನು ಉಗುಳಬೇಕು, ಅಷ್ಟೇ ತಾನೇ ಎಂದು ನಾನು ಚುಡಾಯಿಸುತ್ತಿದ್ದೆ. ನನ್ನ ಗಂಡ ಮಂಜುನಾಥನಂತೂ ಕ್ರಿಕೆಟ್ಟಿನ ಪರ ವಕಾಲತ್ತು ವಹಿಸಿ, ಇದಕ್ಕಿಂತ ನಮ್ಮ ಲಗೋರಿಯೇ ವಾಸಿ ಎಂದು ತೀರ್ಪು ಕೊಟ್ಟಿದ್ದ. ವಾಲ್ಟ್ ನಗುತ್ತಿದ್ದರು. ನೋಡುವವರಿಗೆ ನಿಧಾನದ ಆಟ, ಕೇಳುವವರಿಗೆ ಅಲ್ಲ ಅನ್ನುತ್ತಿದ್ದರು. ಹುಡುಗನಾಗಿದ್ದಾಗ ಅವರ ಮನೆಯ ಮೆಟ್ಟಿಲ ಮೇಲೆ ಕೂತರೆ ಮೈದಾನದ ಗದ್ದಲ ಕೇಳುತ್ತಿತ್ತಂತೆ. ಆ ಗದ್ದಲದ ಏರಿಳಿತದಲ್ಲೇ ಯಾರು ಗೆಲ್ಲುತ್ತಿದ್ದಾರೆಂದು ಹೇಳಬಲ್ಲವರಾಗಿದ್ದರಂತೆ.

ಅವರು ಹಾಗೆ 'ಕೇಳುವ' ಮಾತಾಡುತ್ತಿದ್ದುದರ ಹಿಂದೆ ಒಂದು ಸಂಕಟವಿತ್ತು. ಅವರ ಕಣ್ಣಿನ ನಡುಭಾಗ ಮಸುಕಾಗುತ್ತಾ ಬರುತ್ತಿತ್ತು. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ತಾವಾಗಿಯೇ ಹೋಗಿ ಡ್ರೈವಿಂಗ್ ಲೈಸೆನ್ಸು ಒಪ್ಪಿಸಿ ಬಂದರು. ಕಾರಿಲ್ಲದ ಮನುಷ್ಯನಿಗೆ ಈ ದೇಶದ ಸಬರ್ಬಿನಲ್ಲಿ ಕೈಕಾಲೂ ಇಲ್ಲ. ಶಿಕಾಗೋದ ದೊಡ್ಡ ಮೈದಾನಗಳು ಅವರ ಪಾಲಿಗೆ ಚಂದ್ರಲೋಕಕ್ಕೆ ಹೋಗಿ ಕೂತವು. ಅದೇ ಹೊತ್ತಿಗೆ, ದೊಡ್ಡ ಲೀಗುಗಳ ನೆರಳಿನಲ್ಲಿ ಬದುಕುವ ಸಣ್ಣದೊಂದು ವೃತ್ತಿಪರ ಲೀಗು ತನ್ನ ಹೊಸ ತಂಡಕ್ಕೆ ಮನೆ ಹುಡುಕುತ್ತಿದೆಯೆಂಬ ಸುದ್ದಿ ಬಂತು. ನಮ್ಮ ಬೀದಿಯ ತುದಿಯಲ್ಲೊಂದು ಖಾಲಿ ಮೈದಾನವಿದೆ. ವಾಲ್ಟ್ ಬಿಳಿ ಕೋಲು ಹಿಡಿದು ನಡೆದರೂ ಹನ್ನೆರಡು ನಿಮಿಷ. ಅಲ್ಲಿಗೊಂದು ತಂಡ ಬಂದರೆ? ನಡೆದುಕೊಂಡೇ ಹೋಗಿ, ಕೂತು, ಕೇಳಿ ಬರಬಹುದಲ್ಲ! ಬಾಕಿ ಉಳಿದ ಬಾಳಿನಲ್ಲಿ ಅವರಿಗೆ ಬೇಕಾಗಿದ್ದದ್ದು ಇದಿಷ್ಟೇ.

ನಾಲ್ಕಾರು ಜನ ಸೇರಿ ಚಳವಳಿ ಶುರುಮಾಡಿದರು. ಹುಲ್ಲುಹಾಸುಗಳ ಮೇಲೆ ಬೋರ್ಡು ನೆಟ್ಟರು. ಎದೆಯ ಮೇಲೆ ದಪ್ಪಕ್ಷರದಲ್ಲಿ 'ಮೇಪಲ್ ಬೆಂಡ್' ಎಂದು ಬರೆದ ಟೀ ಶರ್ಟು ಮಾಡಿಸಿದರು. ಲೀಗಿನವರು ಕೇಳಿದ್ದು ಒಂದೇ: ಮೂವತ್ತು ಮೈಲಿ ಸುತ್ತಿನೊಳಗೆ ವಾಸವಿರುವವರ ಸಹಿ, ಆದಷ್ಟು ಹೆಚ್ಚು. ವಾಲ್ಟ್ ಒಂದು ಸಂಜೆ ಎಂಟು ಹಾಳೆ ತಂದು, ಮೊದಲ ಸಾಲಿನಲ್ಲಿ ತಾವೇ ಸಹಿ ಹಾಕಿ, ನನ್ನ ಮುಂದಿಟ್ಟರು. "ನೀವು ಹೋಗುವ ಆ ದೇವಸ್ಥಾನದಲ್ಲಿ ಹಬ್ಬದ ದಿನ ಪಾರ್ಕಿಂಗ್ ಸಿಗುವುದಿಲ್ಲ ಅನ್ನುತ್ತೀರಲ್ಲ, ಅಷ್ಟು ಜನ ನನಗೆಲ್ಲಿ ಸಿಗಬೇಕು?" ಎಂದರು. ನಾನು ಎದೆ ಉಬ್ಬಿಸಿ, ಎಂಟೂ ತುಂಬಿಸಿ ತರುತ್ತೇನೆ ಎಂದು ಮಾತು ಕೊಟ್ಟೆ.

ರಾಮನವಮಿಯ ದಿನ ಲೆಮಾಂಟಿನ ದೇವಸ್ಥಾನದಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ ಮಡಚುವ ಮೇಜೊಂದನ್ನು ಹಾಕಿ ಕೂತೆ. ಕೋಸಂಬರಿ, ಪಾನಕ ಮುಗಿಸಿ ಬಂದವರು ಯಾರೂ ನನ್ನ ಕಣ್ಣು ತಪ್ಪಿಸಿ ಹೋಗಲಾರರು. ಹಾಳೆಯಲ್ಲಿ ಮೂರು ಕಾಲಮ್ಮು, ಎಲ್ಲ ಇಂಗ್ಲಿಷಿನಲ್ಲಿ. ಹಿರಿಯರಿಗೆ ತೊಡಕಾಗಬಾರದೆಂದು, ಮತ್ತೆ ನನ್ನ ಜಾಣತನ ಪ್ರದರ್ಶನವಾಗಬೇಕಲ್ಲ ಅದಕ್ಕೂ, ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ: "ಇಲ್ಲಿ ಹೆಸರು ಬರೀರಿ, ಇಲ್ಲಿ ಊರು ಬರೀರಿ, ಇಲ್ಲೊಂದು ಸೈನ್ ಹಾಕಿ." ಮೇಜಿನ ಸುತ್ತ ಸಂತೆ ನೆರೆಯಿತು. "ಓ, ನೀವು ಹಾಸನಾನಾ? ನಮ್ಮ ಚಿಕ್ಕಮ್ಮನ್ನ ಅಲ್ಲಿಗೇ ಕೊಟ್ಟಿರೋದು!" "ಗದಗ್ ಅಂದ್ರ ನಮ್ಮ ಕಡೆಯವ್ರ ಆದ್ರಿ ಬಿಡ್ರಿ." ವರ್ಷಗಟ್ಟಲೆ ಮುಖ ನೋಡಿಕೊಂಡು ತಲೆಯಾಡಿಸಿ ಹೋಗುತ್ತಿದ್ದವರು ಅವತ್ತು ನೆಂಟಸ್ತನ ಹುಡುಕಿಕೊಂಡು ಫೋನ್ ನಂಬರು ಬದಲಾಯಿಸಿಕೊಂಡರು. ನನಗೆ ಖುಷಿಯೋ ಖುಷಿ. ಎಂಟು ಹಾಳೆಯೂ ತುಂಬಿ ಹಿಂಬದಿಗೂ ಹರಿದಿತ್ತು. ಒಂದು ಸಲವಾದರೂ ಅವನ್ನು ಓದಿ ನೋಡೋಣ ಅಂತ ನನಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ವಾಲ್ಟ್ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಭೂತಕನ್ನಡಿ ಹಿಡಿದು ಕೂತರು. ಒಂದೊಂದೇ ಸಾಲಿನ ಮೇಲೆ ಕನ್ನಡಿ ಜಾರಿಸುತ್ತಾ ಹೋದವರು ನಿಂತರು, ಹಿಂದಕ್ಕೆ ಬಂದರು, ಮತ್ತೆ ನಿಂತರು. "ಈ ಸುತ್ತಮುತ್ತ ನನಗೆ ಗೊತ್ತಿಲ್ಲದ ಊರಿಲ್ಲ ಅಂದುಕೊಂಡಿದ್ದೆ," ಅಂದರು ಮೆಲ್ಲಗೆ. "ಈ ಟಿಪ್ಟುರ್ ಎಲ್ಲಿ ಬರುತ್ತೆ? ಜೋಲಿಯೆಟ್ ದಾಟಿದ ಮೇಲಾ?"

ಹಾಳೆ ಕಸಿದುಕೊಂಡು ನೋಡುತ್ತೇನೆ: ತಿಪಟೂರು, ಹಾಸನ, ಗದಗ, ಮಂಡ್ಯ, ನಂಜನಗೂಡು, ಮತ್ತೆ ಮಂಡ್ಯ, ಚಿಂತಾಮಣಿ. ಶಾಮ್‌ಬರ್ಗಿನಲ್ಲಿ ಹದಿನೈದು ವರ್ಷದಿಂದ ಮನೆ ಮಾಡಿಕೊಂಡಿರುವ ಸಾಫ್ಟ್‌ವೇರಿನವನು ಅಚ್ಚುಕಟ್ಟಾಗಿ 'ದಾವಣಗೆರೆ' ಎಂದು ಬರೆದಿದ್ದಾನೆ. ವಾಲ್ಟ್ ಬರೆದದ್ದು ಬಿಟ್ಟರೆ ಮೂವತ್ತು ಮೈಲಿ ಸುತ್ತಿನೊಳಗಿನ ಒಂದೇ ಒಂದು ಹೆಸರಿಲ್ಲ. ತಪ್ಪು ಅವರದಲ್ಲ. ಇಂಗ್ಲಿಷಿನಲ್ಲಿ ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ನೇಪರ್‌ವಿಲ್, ಲಿಸ್ಲ್ ಎಂದು ಬರೆಯುತ್ತಿದ್ದರು. ನಾನು ಕನ್ನಡದಲ್ಲಿ ಊರು ಕೇಳಿದೆ. ಅವರು ಊರು ಬರೆದರು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಸೀಸೆಯ ಮೇಲೆ ಹೆಸರಿನ ಒಂದಕ್ಷರ ತಪ್ಪಿದರೂ ವಾಪಸು ಕಳಿಸಿ ನರ್ಸುಗಳ ಶಾಪ ತಿನ್ನುವವಳು ನಾನು, ಇಷ್ಟು ಜನರ ವಿಳಾಸವನ್ನು ಸಪ್ತಸಾಗರದಾಚೆಗೆ ಕಳಿಸಿ ಕೂತಿದ್ದೆ! ನನ್ನ ಮಗಳು ಅದಿತಿ ಬಗ್ಗಿ ನೋಡಿ, "ಅಮ್ಮಾ, ಯು ಆಸ್ಕ್ಡ್ ದ ರಾಂಗ್ ಕ್ವೆಸ್ಚನ್," ಎಂದು ಮುಖಕ್ಕೆ ಮಂಗಳಾರತಿ ಎತ್ತಿದಳು. ಹಾಳೆ ಒಪ್ಪಿಸಲು ಮೂರೇ ದಿನ ಉಳಿದಿತ್ತು. ವಾಲ್ಟ್ ಭೂತಕನ್ನಡಿಯನ್ನು ಜೇಬಿಗಿಟ್ಟುಕೊಂಡು, ಗೋಡೆ ಸವರಿಕೊಂಡು ಮನೆಗೆ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಊರು ಎಂಬ ಈ ಎರಡಕ್ಷರದ ಮಾಯೆಯನ್ನು ನೀವೂ ಬಲ್ಲಿರಿ. ಊರಿಗೆ ಹೋಗಿದ್ದೆ ಅಂದರೆ ಯಾವ ಊರಿಗೆ ಎಂದು ಯಾರೂ ಕೇಳುವುದಿಲ್ಲ. ಊರಲ್ಲಿಲ್ಲ ಅಂದರೆ ಮಾತ್ರ ಅದು ಇಲ್ಲಿಯದಾಗುತ್ತದೆ, ಅಂದರೆ ನಾವು ಇಲ್ಲಿ ಇಲ್ಲದಾಗಷ್ಟೇ ಇದು ಊರು! ಸಾಲದ ಕಂತು, ಶಾಲೆ, ಹಿಮ ಬಾಚುವ ಸಲಿಕೆ, ಡಾಕ್ಟರು, ಸತ್ತರೆ ಸುಡುವ ಜಾಗ ಎಲ್ಲವೂ ಇಲ್ಲಿದ್ದರೂ, ಆ ಒಂದು ಪದವನ್ನು ಮಾತ್ರ ನಾವು ಇನ್ನೂ ಪೆಟ್ಟಿಗೆಯಿಂದ ಇಳಿಸಿಲ್ಲ. ಇದು ಪ್ರೀತಿಯೋ, ಸೋಮಾರಿತನವೋ, ಇಲ್ಲಿಯವರಾಗಿಬಿಟ್ಟರೆ ಅಲ್ಲಿಯವರು ಏನಂದುಕೊಂಡಾರೋ ಎಂಬ ಅಂಜಿಕೆಯೋ ನನಗೆ ಇವತ್ತಿಗೂ ತಿಳಿಯದು. ಮೂರೂ ಸ್ವಲ್ಪ ಸ್ವಲ್ಪ ಇರಬೇಕು.

ಅದನ್ನೆಲ್ಲ ಯೋಚಿಸಲು ಆಗ ಪುರಸೊತ್ತಿರಲಿಲ್ಲ. ಪುಣ್ಯಕ್ಕೆ ಫೋನ್ ನಂಬರುಗಳು ಅವತ್ತು ಧಾರಾಳವಾಗಿ ಹರಿದಾಡಿದ್ದವು. ಒಬ್ಬರಿಂದ ಒಬ್ಬರನ್ನು ಹಿಡಿದು, ಲಂಚ್ ಬ್ರೇಕಿನಲ್ಲಿ, ಸಂಜೆ ಪಾರ್ಕಿಂಗ್ ಲಾಟಿನಲ್ಲಿ ಕೂತು ಕರೆ ಮಾಡಿದೆ, ಡ್ರೈವ್ ಮಾಡಿಕೊಂಡು ಮನೆಮನೆಗೆ ಹಾಳೆ ಒಯ್ದೆ. ಬಹಳ ಜನ ನಕ್ಕು, ತಲೆ ಚಚ್ಚಿಕೊಂಡು ತಿದ್ದಿಕೊಟ್ಟರು. ತಿಪಟೂರಿನ ಶಾಂತಮ್ಮ ಆಂಟಿ ಮಾತ್ರ ಜಗ್ಗಲಿಲ್ಲ. ಇಪ್ಪತ್ತು ವರ್ಷದಿಂದ ಲಿಸ್ಲ್‌ನಲ್ಲಿ ಮಗನ ಜೊತೆ ಇರುವ, ಎಪ್ಪತ್ತು ದಾಟಿದ ಗಟ್ಟಿ ಹೆಂಗಸು.

"ಲಿಸ್ಲ್ ನಮ್ಮನೆ ಇರೋ ಜಾಗ ಕಣಮ್ಮ. ಅದು ಊರು ಹೇಗಾಗುತ್ತೆ? ತಿಪಟೂರು ಹೊಡೆದುಹಾಕು ಅಂತೀಯಲ್ಲ, ನಿಂಗೆ ಹೇಗೆ ಮನಸ್ಸು ಬಂತು?"

ನಾನು ವಾಲ್ಟ್ ಅವರ ಕಣ್ಣಿನ ಸಂಗತಿ ಹೇಳಿದೆ, ಹನ್ನೆರಡು ನಿಮಿಷದ ಮೈದಾನದ ಸಂಗತಿ ಹೇಳಿದೆ. ಆಂಟಿ, "ಅಯ್ಯೋ ಪಾಪ. ಅವರ ಊರು ಯಾವುದಂತೆ?" ಎಂದರು.

"ಡಿಟ್ರಾಯ್ಟು, ಆಂಟಿ."

"ಮತ್ತೆ ಅವರು ಅದನ್ನ ಬರೀಲಿಲ್ವಾ?"

ಮೊದಲ ಹಾಳೆಯ ಮೊದಲ ಸಾಲಿನಲ್ಲಿ ವಾಲ್ಟ್ ತಮ್ಮ ಸೊಟ್ಟ ಅಕ್ಷರದಲ್ಲಿ ಮೇಪಲ್ ಬೆಂಡ್ ಎಂದು ಬರೆದಿದ್ದರು. ಅದನ್ನೇ ಹೇಳಿದೆ. ಆಂಟಿ ದೀರ್ಘವಾಗಿ ಉಸಿರುಬಿಟ್ಟು, "ಸರಿ, ತಗೊಂಬಾ. ಆದ್ರೆ ತಿಪಟೂರು ಹೊಡೆಯೋಲ್ಲ, ಪಕ್ಕದಲ್ಲಿ ಲಿಸ್ಲ್ ಅಂತಾನೂ ಬರೀತೀನಿ," ಎಂದು ಅಪ್ಪಣೆ ಕೊಡಿಸಿದರು. ಹಾಗೇ ಬರೆದರು. ಅವರನ್ನು ನೋಡಿ ಇನ್ನೂ ಹಲವರು ಹಾಗೇ ಬರೆದರು.

ಮೂರನೆಯ ದಿನ ಎಂಟೂ ಹಾಳೆಗಳನ್ನು ವಾಲ್ಟ್ ಕೈಗಿಟ್ಟೆ. ಅವರು ಬೆರಳಿನಿಂದ ಅಂಚು ಸವರಿ ಎಣಿಸಿ, ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಆದರೂ ತಂಡ ನಮಗೆ ಬರಲಿಲ್ಲ. ಬೇಸಿಗೆಯಲ್ಲಿ ಲೀಗಿನಿಂದ ಪತ್ರ ಬಂತು. ನಮ್ಮ ಹಾಳೆಗಳನ್ನು ಎಣಿಸಿದ್ದರು, ಒಪ್ಪಿದ್ದರು, ಹೊಗಳಿದ್ದರು. ಆದರೆ ತಂಡವನ್ನು ಕೊಟ್ಟದ್ದು ಡಿಟ್ರಾಯ್ಟಿನ ಅಂಚಿನ ಒಂದು ಸಬರ್ಬಿಗೆ. ವಾಲ್ಟ್ ಹುಟ್ಟಿದ ಬೀದಿಯಿಂದ ನಾಲ್ಕು ಮೈಲಿ ಅದು! ಪತ್ರ ಓದಿ ಹೇಳಿದವಳು ನಾನೇ. ನನಗೆ ಅಳು ತಡೆಯಲಾಗಲಿಲ್ಲ, ಅವರ ಮುಂದೆಯೇ ಅತ್ತೆ. ವಾಲ್ಟ್ ಬೀದಿಯ ತುದಿಯ ಕಡೆಗೆ ಮುಖ ಮಾಡಿ, "ಅರವತ್ತು ವರ್ಷ ಬೇಗ ಹುಟ್ಟಿದೆ ನಾನು," ಎಂದು ನಕ್ಕರು. ಆ ನಗುವನ್ನು ನನ್ನಿಂದ ನೋಡಲಾಗಲಿಲ್ಲ.

ಈ ವರ್ಷ ಮೇ ತಿಂಗಳಿನ ಒಂದು ಶನಿವಾರ ನಾನು ಅವರನ್ನು ಕೂರಿಸಿಕೊಂಡು ಡಿಟ್ರಾಯ್ಟಿಗೆ ಹೊರಟೆ. ಐದು ಗಂಟೆಯ ಹಾದಿ. ಮಂಜುನಾಥ ಬೆನ್ನುನೋವಿನ ನೆಪ ಹೇಳಿ ತಪ್ಪಿಸಿಕೊಂಡ. ದಾರಿಯುದ್ದಕ್ಕೂ ವಾಲ್ಟ್ ಎಡಕ್ಕೇನಿದೆ, ಬಲಕ್ಕೇನಿದೆ ಎಂದು ಕಾಣದೆಯೇ ಹೇಳುತ್ತಾ ಬಂದರು. ಅರ್ಧಕ್ಕರ್ಧ ತಪ್ಪು. ಅವರು ಹೇಳಿದ ಕಾರ್ಖಾನೆಗಳಿರಲಿಲ್ಲ, ಅವರ ಬೀದಿಯಲ್ಲಿ ಅವರ ಮನೆಯೂ ಇರಲಿಲ್ಲ. "ಮನೆ ಇದೆಯಾ?" ಎಂದು ಕೇಳಿದಾಗ ಇಲ್ಲ ಎಂದು ಹೇಳಿ ಕಾರು ಮುಂದಕ್ಕೆ ಬಿಟ್ಟೆ.

ಹೊಸ ಮೈದಾನದಲ್ಲಿ ಕೂತೆವು. ಒಂದು ತಂಡ ಬಿಳಿ, ಇನ್ನೊಂದು ಬೂದು. ಬೂದು ಅಂಗಿಯವರ ಎದೆಯ ಮೇಲೆ ಅವರ ಊರಿನ ಹೆಸರು, ಬಿಳಿ ಅಂಗಿಯವರ ಎದೆಯ ಮೇಲೆ ಬರೀ ತಂಡದ ಅಡ್ಡಹೆಸರು. ಇದೇಕೆ ಹೀಗೆ ಎಂದು ಕೇಳಿದೆ. "ಮನೆಯಲ್ಲಿ ಆಡುವಾಗ ಊರ ಹೆಸರು ಯಾಕೆ ಬೇಕು?" ಅಂದರು ವಾಲ್ಟ್. "ಹೊರಗೆ ಹೋದಾಗಲೇ ಎದೆಯ ಮೇಲೆ ಹಾಕಿಕೊಳ್ಳೋದು. ಹಳೆಯ ಪದ್ಧತಿ." ನನಗೆ ತಟ್ಟನೆ ರಾಮನವಮಿಯ ಆ ಮೇಜಿನ ಸುತ್ತ ನಿಂತವರೆಲ್ಲ ಕಣ್ಣಿಗೆ ಕಟ್ಟಿದರು. ಎಷ್ಟು ವರ್ಷದಿಂದ ಆಡುತ್ತಿದ್ದೇವೆ ನಾವು, ಹೊರಗಿನ ಆಟ! ಆ ಹಾಳೆಗಳ ಬಗ್ಗೆ ನನಗಿದ್ದ ನಾಚಿಕೆ ಅಲ್ಲಿಗೆ ಕರಗಿತು.

ಬಿಸಿಲೇರಿತ್ತು. ವಾಲ್ಟ್ ಜಾಕೆಟ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಒಳಗೆ ಚಳವಳಿಯ ಟೀ ಶರ್ಟು ಹಾಕಿಕೊಂಡು ಬಂದಿದ್ದರು. ಹುಟ್ಟಿದ ಊರಿನ ಅಂಗಳದಲ್ಲಿ, ಇಲ್ಲದ ತಂಡವೊಂದರ ಹೆಸರು ಎದೆಯ ಮೇಲೆ. ಪಕ್ಕದ ಸೀಟಿನ ಹೆಂಗಸು ಅದನ್ನೋದಿ, "ಮೇಪಲ್ ಬೆಂಡಾ? ನೀವು ಅಲ್ಲಿಯವರಾ?" ಎಂದು ಕೇಳಿದಳು.

"ಹೌದು," ಅಂದರು ವಾಲ್ಟ್, ಒಂದು ಗಳಿಗೆಯೂ ಯೋಚಿಸದೆ.

ಆಕೆ ನನ್ನತ್ತ ತಿರುಗಿದಳು. ನನ್ನ ಮುಖ ನೋಡಿದವರು ಮುಂದೆ ಏನು ಕೇಳುತ್ತಾರೆಂದು ನನಗೆ ಬಾಯಿಪಾಠ, ನನ್ನ ಉತ್ತರವೂ ಬಾಯಿಪಾಠ. ಮೈಸೂರು ನಾಲಿಗೆಯ ತುದಿಗೆ ಬಂದೂ ಆಗಿತ್ತು.

"ನೀವು ಎಲ್ಲಿಯವರು?" ಎಂದಳು.

"ಇವರ ಪಕ್ಕದ ಮನೆ," ಅಂದೆ.