ರೊಟ್ಟಿ ತಟ್ಟೆಯ ಪಕ್ಕ ಇಟ್ಟ ಕಂತು

೧೯೮೮ರಲ್ಲಿ ನಾನು ವಿಶಾಖಪಟ್ಟಣದ ದ್ವಾರಕಾ ನಗರದ ಬ್ಯಾಂಕ್ ಶಾಖೆಯೊಂದರಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಸಣ್ಣ ಉದ್ಯಮಗಳ ಸಾಲದ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಗದಗಿನ ಬಸವರಾಜ ನೌಕಾಪಡೆಯ ಹಡಗುಗಳಲ್ಲಿ ಹದಿನೈದು ವರ್ಷ ಶೀತಲ ಯಂತ್ರಗಳನ್ನು ನೋಡಿಕೊಂಡು ನಿವೃತ್ತನಾಗಿದ್ದ. ಮೀನುಗಾರಿಕೆ ಬಂದರಿನ ಹತ್ತಿರ ಐಸ್ ಫ್ಯಾಕ್ಟರಿ ಹಾಕುವುದು ಅವನ ಆಸೆ.

ಬ್ಯಾಂಕ್ ಸಾಲಕ್ಕೆ ಬಡ್ಡಿ ಕಡಿಮೆ, ಆದರೆ ಕಾಲು ಭಾಗ ಹಣ ಅವನೇ ಹಾಕಬೇಕು; ಸ್ಥಳೀಯ ಆಸ್ತಿಯುಳ್ಳ ಜಾಮೀನುದಾರ ಬೇಕು. ಅಂಥವರು ಅವನಿಗೆ ಯಾರೂ ಗೊತ್ತಿರಲಿಲ್ಲ. ನೆರೆಮನೆಯ ತೆಲುಗರನ್ನು ಕೇಳಲು ಸಂಕೋಚ.

ನಮ್ಮ ಶಾಖೆಯ ಹೆಡ್ ಕ್ಯಾಷಿಯರ್ ಶ್ರೀಪಾದರಾಯರು ಧಾರವಾಡದವರು. ವರ್ಗವಾಗಿ ಬಂದ ಕನ್ನಡಿಗರಿಗೆಲ್ಲ ಭಾನುವಾರ ಅವರ ಮನೆಯಲ್ಲೇ ಜೋಳದ ರೊಟ್ಟಿ ಊಟ. ಬಸವರಾಜನೂ ಬರುತ್ತಿದ್ದ. ಅವನ ಸಾಲದ ಮಾತು ಬಂದಾಗ ರಾಯರು ನನ್ನತ್ತ ಕಣ್ಣು ಹೊಡೆದು, “ಈ ಸಾಹೇಬ್ರ ಬ್ಯಾಂಕಿನ ರೊಕ್ಕ ಬರೂದ್ರಾಗ ಸಮುದ್ರದಾಗಿನ ಮೀನು ಮುದುಕಾಗ್ತಾವ” ಎಂದರು. ಎಲ್ಲರೂ ನಕ್ಕೆವು. ಪರಿಚಯದ ಫೈನಾನ್ಸ್ ಕಂಪನಿಯಿಂದ ಸಾಲ ಕೊಡಿಸಿ ತಾವೇ ಜಾಮೀನು ನಿಲ್ಲುವುದಾಗಿ ಹೇಳಿದರು.

ಅಲ್ಲಿನ ಬಡ್ಡಿ ‘ಫ್ಲ್ಯಾಟ್’. ಅಂದರೆ ಅಸಲು ಎಷ್ಟೇ ತೀರಿದರೂ ಕೊನೆಯ ಕಂತಿನವರೆಗೆ ಪೂರ್ತಿ ಮೊತ್ತದ ಮೇಲೆಯೇ ಬಡ್ಡಿ. ಬ್ಯಾಂಕಿನಲ್ಲಿ ಉಳಿದ ಬಾಕಿಗೆ ಮಾತ್ರ. ನಾನು ಲೆಕ್ಕ ಹಾಕಿ ತೋರಿಸಿದೆ. ಬಸವರಾಜ ತಲೆಯಾಡಿಸಿದ, ಆದರೆ ಫೈನಾನ್ಸ್ ಸಾಲವನ್ನೇ ತೆಗೆದುಕೊಂಡು ಫ್ಯಾಕ್ಟರಿ ಶುರು ಮಾಡಿದ.

ಕಂಪನಿಯ ಕಚೇರಿ ದೂರ. ಹಾಗಾಗಿ ಕಂತಿನ ಹಣವನ್ನು ಭಾನುವಾರ ರಾಯರ ರೊಟ್ಟಿ ತಟ್ಟೆಯ ಪಕ್ಕ ಇಟ್ಟು ಬರುತ್ತಿದ್ದ. ಮೊದಲೆರಡು ರಸೀದಿ ಬಂದವು, ಆಮೇಲೆ ಇಲ್ಲ. ಯಾಕೆ ಕೇಳಲಿಲ್ಲ ಎಂದು ಮುಂದೊಮ್ಮೆ ನಾನು ವಿಚಾರಿಸಿದಾಗ, “ಅವ್ರ ಮನ್ಯಾಗ ಉಂಡು, ಅವ್ರನ್ನ ರಸೀದಿ ಕೇಳೂದು ಹ್ಯಾಂಗ್ರೀ ಸರ್?” ಎಂದ.

ಮರುವರ್ಷದ ಬೇಸಿಗೆಯಲ್ಲಿ ದುಡಿಯುವ ಬಂಡವಾಳಕ್ಕೆ ನಮ್ಮ ಶಾಖೆಗೇ ಅರ್ಜಿ ಹಾಕಿದ. ತಪಾಸಣೆಗೆಂದು ನಾನು ಹೋದ ದಿನವೇ ಫೈನಾನ್ಸ್‌ನವರ ಲಾರಿ ಬಂತು. ಏಳು ಕಂತು ಬಾಕಿ, ಕಂಪ್ರೆಸರ್ ಒಯ್ಯುತ್ತೇವೆ ಎಂದರು. ಬಸವರಾಜ ತಬ್ಬಿಬ್ಬಾಗಿ, ಜಾಮೀನು ನಿಂತ ರಾಯರನ್ನು ಕೇಳಿ ಎಂದ. ಲಾರಿಯವರ ಮೇಸ್ತ್ರಿ ಸಮಾಧಾನವಾಗಿಯೇ ತೆಲುಗಿನಲ್ಲಿ ಹೇಳಿದ: “ಆಯನೇ ಕದಂಡಿ ತೀಸ್ಕೆಳ್ಳಮನ್ನಾರು.” ಒಯ್ಯಿರಿ ಎಂದವರು ರಾಯರೇ. ಕಂತು ನುಂಗಿದವರು, ವಸೂಲಿ ತಮ್ಮ ಮೇಲೆ ಬರುವ ಮೊದಲು ಯಂತ್ರವನ್ನೇ ತೋರಿಸಿಕೊಟ್ಟಿದ್ದರು.

ಬಸವರಾಜ ಆ ಮಾತನ್ನು ಅರಗಿಸಿಕೊಳ್ಳುವಷ್ಟರಲ್ಲಿ ಲಾರಿಯವರ ಫಿಟರ್ ಪೈಪಿನ ಬೋಲ್ಟ್ ಸಡಿಲಿಸಿಬಿಟ್ಟ. ಒಳಗೆ ಅಮೋನಿಯಾ ಗ್ಯಾಸ್ ತುಂಬಿಯೇ ಇತ್ತು. ಬುಸ್ಸೆಂದು ಬಿಳಿ ಹೊಗೆ ಎದ್ದಿತು. ಕಣ್ಣು, ಗಂಟಲು ಉರಿದು ಎಲ್ಲರೂ ಹೊರಗೆ ಓಡಿದೆವು. ಬಸವರಾಜನ ಹೆಂಡತಿ ಶಾಂತವ್ವ ಐಸ್ ಅಚ್ಚುಗಳಿದ್ದ ಹಿಂದಿನ ಕೋಣೆಯಲ್ಲಿದ್ದಳು. ಅಲ್ಲಿಂದ ಬರುವ ದಾರಿ ಆ ಹೊಗೆಯೊಳಗೇ. ಅವನು ಒದ್ದೆ ಟವಲ್ ಮುಖಕ್ಕೆ ಸುತ್ತಿಕೊಂಡು ನುಗ್ಗಿದ. ವಾಲ್ವ್ ಮುಚ್ಚಿ, ಅವಳನ್ನು ಎಳೆದುಕೊಂಡು ಹೊರಬಂದು ಕುಸಿದ.

ಇಬ್ಬರೂ ಉಳಿದರು. ಆದರೆ ಅವನ ಶ್ವಾಸಕೋಶ ಮತ್ತೆ ಆ ಕೆಲಸ ತಡೆಯಲಿಲ್ಲ. ಫ್ಯಾಕ್ಟರಿ ಗುಜರಿಗೆ ಹೋಯಿತು. ರಸೀದಿಯಿಲ್ಲದ್ದರಿಂದ ರಾಯರ ಮೇಲೆ ಏನೂ ಸಾಬೀತಾಗಲಿಲ್ಲ. ಅವರು ವಿಜಯವಾಡಕ್ಕೆ ವರ್ಗ ಮಾಡಿಸಿಕೊಂಡರು. ನಮ್ಮ ಮನೆಯಲ್ಲಿ ಕುಕ್ಕರ್ ಸದ್ದು ಮಾಡಿದರೆ ಇಂದಿಗೂ ನನ್ನ ಕಣ್ಣು ಮೊದಲು ಬಾಗಿಲು ಹುಡುಕುತ್ತದೆ.

ಎರಡು ವರ್ಷದ ನಂತರ ನನಗೂ ವಿಜಯವಾಡಕ್ಕೆ, ರಾಯರಿದ್ದ ಶಾಖೆಗೇ ವರ್ಗವಾಯಿತು. ಮೊದಲ ವಾರವೇ ರಾಯರು ನನ್ನ ಟೇಬಲ್ಲಿಗೆ ಬಂದು, “ಐತವಾರ ಊಟಕ್ಕ ಬರ್ರಿ. ಇಬ್ರಾಹಿಂಪಟ್ನಂದಾಗ ನಮ್ಮವರೊಬ್ರು ಇಟ್ಟಂಗಿ ಭಟ್ಟಿ ಹಾಕವರದಾರ, ಪರಿಚಯ ಮಾಡಸ್ತೀನಿ” ಎಂದರು. ಏನೂ ಆಗಿಲ್ಲವೆಂಬಂತೆ.

ನಾನು ಊಟಕ್ಕೆ ಹೋಗಲಿಲ್ಲ. ಅದಕ್ಕೂ ಮೊದಲೇ ಬಸ್ ಹಿಡಿದು ಆ ಭಟ್ಟಿಯವರನ್ನು ಹುಡುಕಿ, ನಡೆದದ್ದೆಲ್ಲ ಹೇಳಿದೆ. ಬಡ್ಡಿಯ ದರವನ್ನು ಎಲ್ಲರೂ ವಿಚಾರಿಸುತ್ತಾರೆ. ಯಾರನ್ನು ರಸೀದಿ ಕೇಳಲು ನಾಚಿಕೆಯಾಗುತ್ತದೋ ಅವರ ಮೂಲಕ ಸಾಲ ಮಾಡಬಾರದು ಎಂಬುದು ನನಗೆ ಆ ಹೊಗೆ ಕಲಿಸಿದ ಪಾಠ.

ಭಟ್ಟಿಯವರು ತಲೆ ಕೆರೆದುಕೊಂಡರು. “ಹಂಗಾರ ರಾಯರ ಮನಿಗೆ ಊಟಕ್ಕ ಹೋಗಬೇಕೋ ಬ್ಯಾಡೋ, ಸರ್?”

“ಹೋಗ್ರಿ, ಉಣ್ರಿ,” ಎಂದೆ. “ಕಿಸೇದಾಗ ಮಾತ್ರ ಏನೂ ಒಯ್ಯಬ್ಯಾಡ್ರಿ.”