ದಯವಿಟ್ಟು ನನ್ನ ಮಗಳನ್ನು ನಗಿಸಬೇಡಿ

ಗೆಳೆಯರೇ, ಇವತ್ತು ಬೆಳಿಗ್ಗೆ ಆಲ್ದೂರಿನಲ್ಲಿ ಬಸ್ ಕಂಡಕ್ಟರ್ ಜೊತೆ ಜಗಳ ಆಡಿದೆ. ಅವರ ತಪ್ಪು ಇಷ್ಟೇ, ನನ್ನ ಮಗಳನ್ನು ನಗಿಸಿದರು.

ಒಂಬತ್ತು ವರ್ಷದ ಸಿರಿಗೆ ನಿದ್ದೆಯ ಕಾಯಿಲೆ. ಕ್ಲಾಸಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಾಳೆ. ಜೋರಾಗಿ ನಕ್ಕರೆ ಎಚ್ಚರವಿದ್ದರೂ ಮಂಡಿ ಸೋತು ಕುಸಿಯುತ್ತಾಳೆ. ಅವಳು ಬಸ್ಸಿನ ಮೆಟ್ಟಿಲ ಮೇಲಿದ್ದಾಗ ಕಂಡಕ್ಟರ್, "ಬ್ಯಾಗಿಗೂ ಟಿಕೆಟ್ ತಗೋಬೇಕು ಪುಟ್ಟಿ, ನಿನಗಿಂತ ಅದೇ ದಪ್ಪ ಇದೆ" ಅಂದರು. ಸಿರಿ ನಕ್ಕಳು, ಹಿಂದಕ್ಕೆ ವಾಲಿದಳು. ನಾನು ಹಿಡಿಯದಿದ್ದರೆ ತಲೆ ಕಲ್ಲಿಗೆ ಬಡಿಯುತ್ತಿತ್ತು.

"ದಯವಿಟ್ಟು ಇವಳನ್ನು ನಗಿಸಬೇಡಿ!" ಎಂದು ಕೂಗಿದೆ.

"ಮಗು ನಗಬಾರದು ಅನ್ನೋ ತಾಯಿನ ಇವತ್ತೇ ನೋಡಿದ್ದು ಮಾರಾಯ್ರೆ!" ಅಂದರು ಕಂಡಕ್ಟರ್.

ಬಸ್ಸಿನವರೆಲ್ಲ ನನ್ನನ್ನೇ ನೋಡಿದರು. ಕಾಯಿಲೆಯ ವಿಷಯ ಹೇಳಿದೆ. ಕಂಡಕ್ಟರ್ ಮುಖ ಸಪ್ಪಗಾಯಿತು. ಸಿರಿಯನ್ನು ಕರೆದುಕೊಂಡು ಬಸ್ಸು ಶಾಲೆಯ ಕಡೆ ಹೊರಟಿತು, ನಾನು ಮನೆಗೆ ಬಂದೆ.

ಸಂಜೆ ಅದೇ ಕಂಡಕ್ಟರ್ ಸಿರಿಯ ಕೈ ಹಿಡಿದು ಇಳಿಸಿದರು. "ಮೂರು ಜೋಕು ಹೇಳಿದೆ ಅಕ್ಕ. ಹೆದರಬೇಡಿ, ಸೀಟಲ್ಲಿ ಕೂರಿಸಿಯೇ ಹೇಳಿದ್ದು. ಒರಗಿಕೊಂಡು ನಕ್ಕಳು."

ಇಷ್ಟು ನನಗೇಕೆ ಹೊಳೆಯಲಿಲ್ಲವೋ.

ಮನೆಗೆ ಬಂದವಳೇ ಸಿರಿ ಚಾಪೆಯ ಮೇಲೆ ಕೂತು ಗೋಡೆಗೆ ಒರಗಿದಳು. "ಅಮ್ಮ, ಕೂತಿದೀನಿ. ಈಗ ನಗಿಸು" ಅಂದಳು.

ಅವಳಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಮನೆಯಲ್ಲಿ ನಗಿಸುವ ಕೆಲಸ ಅವರದಾಗಿತ್ತು. ನನಗೆ ಒಂದು ಜೋಕೂ ಬರುವುದಿಲ್ಲ. ನಿಮಗೆ ಗೊತ್ತಿದ್ದರೆ ಬೇಗ ಬರೆಯಿರಿ, ಅವಳು ಇನ್ನೂ ಕೂತೇ ಇದ್ದಾಳೆ.