ಒತಿಲಿಯಾ ಹಾಕದೆ ಬಿಟ್ಟ ಗುರುತು

ಬೆಳಗಿನ ಐದೂವರೆ. ಅಲ್ಗೊದೋನೆಸ್ ಎಂಬ ಗಡಿಯೂರಿನಾಚೆಯ ಮರಳುಗಾಡಿನಲ್ಲಿ ಒಂಬತ್ತು ಹೆಂಗಸರು ಒಂದು ಗುಂಡಿಯ ಸುತ್ತ ನಿಂತಿದ್ದಾರೆ. ಎಂಟು ಮಂದಿಯ ಕೈಯಲ್ಲಿ ಸಲಿಕೆ, ಕಬ್ಬಿಣದ ಸರಳು. ಒಂಬತ್ತನೆಯವರಾದ ಒತಿಲಿಯಾ ಕಿಹಾದಾ ಅವರ ಕೈಯಲ್ಲಿ ಮಾತ್ರ ಹಲ್ಲಿನ ಡಾಕ್ಟರು ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿ ಮತ್ತು ಟಾರ್ಚು. ಐವತ್ತೇಳರ ಆಕೆ ಮರಳಿನ ಮೇಲೆ ಬೋರಲು ಮಲಗಿ, ಕೆಮ್ಮು ತಡೆದುಕೊಂಡು, ಗುಂಡಿಯೊಳಕ್ಕೆ ಕನ್ನಡಿ ಇಳಿಸುತ್ತಾರೆ.

ಕಾಣೆಯಾದವರನ್ನು ಹುಡುಕುವುದು ಇವರ ಪ್ರತಿ ಶನಿವಾರದ ಕೆಲಸ. ಪೊಲೀಸರು ಹುಡುಕಿಯಾರೆಂದು ಕಾದು ಕಾದು ಸಾಕಾಗಿ ತಾವೇ ಸಲಿಕೆ ಹಿಡಿದವರು. ಸರಳನ್ನು ನೆಲಕ್ಕೆ ಹೊಡೆದು, ಕಿತ್ತು, ತುದಿಯನ್ನು ಮೂಸುತ್ತಾರೆ; ಕೊಳೆತ ವಾಸನೆ ಬಂದಲ್ಲಿ ಅಗೆಯುತ್ತಾರೆ. ಈ ದಿನ ಹಾಗೆ ಮೂಸಿ ಮುಖ ತಿರುಗಿಸಿದವರು ಬ್ರಿಹಿದಾ. ಅವರ ಗಂಡ, ಕ್ಲಿನಿಕ್ಕೊಂದರ ಕಾವಲುಗಾರ, ಮೂರು ವರ್ಷದ ಹಿಂದೆ ಕೆಲಸಕ್ಕೆ ಹೋದವನು ಬಂದಿಲ್ಲ.

ವಾರದ ಉಳಿದ ದಿನ ಒತಿಲಿಯಾ ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುತ್ತಾರೆ. ಅಗ್ಗಕ್ಕೆ ಸಿಗುತ್ತದೆಂದು ಅಮೆರಿಕದಿಂದ ಗಡಿ ದಾಟಿ ಬರುವ ಗ್ರಿಂಗೋ ಮುದುಕರು ಮೇಲ್ದವಡೆಯ ಮೂಳೆಗೆ ನಾಲ್ಕು ಟೈಟೇನಿಯಂ ತಿರುಪು ಹಾಕಿಸಿಕೊಂಡು, ಅದರ ಮೇಲೆ ಹಲ್ಲಿನ ಸೆಟ್ ಬಿಗಿಸಿಕೊಂಡು, ಡಾಕ್ಟರ ಕೈ ಕುಲುಕಿ ನಗುನಗುತ್ತಾ ವಾಪಸಾಗುತ್ತಾರೆ. ಆ ಹಲ್ಲುಗಳನ್ನು ಕೂರಿಸಿ, ತಿಕ್ಕಿ, ಬಣ್ಣ ಹೊಂದಿಸಿದಾಕೆ ಹಿಂದಿನ ಗಲ್ಲಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಇರುವುದು ಯಾರಿಗೂ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ, ವಾರಕ್ಕೆರಡು ಸೆಟ್, ಒಂದೊಂದರಲ್ಲಿ ಹನ್ನೆರಡು ಹಲ್ಲು. ಕ್ಲಿನಿಕ್ಕುಗಳ ಕೆಲಸದವರಿಗೂ ಊರವರಿಗೂ ಆಗೀಗ ಒಂದೊಂದು. ತಿಕ್ಕಿದ ಪುಡಿ ಎದೆಗಿಳಿದು ಕೂತಿದೆ.

"ಲ್ಯಾಬಿನ ಹೆಸರು ಎಲ್ಲೂ ಕಾಣಬಾರದು ಅಂತಾರೆ ಡಾಕ್ಟರುಗಳು. ಅದಕ್ಕೇ ವಸಡಿಗೆ ತಾಗೋ ಕಡೆ ಸಣ್ಣದಾಗಿ ಒಂದು ನಂಬರು ಕೊರೀತೀನಿ, ಹೆಸರಿನ ಜೊತೆ ಪುಸ್ತಕದಲ್ಲೂ ಬರ್ಕೋತೀನಿ. ಸೆಟ್ ಬಿರುಕು ಬಿಟ್ಟು ವಾಪಸ್ ಬಂದರೆ ಯಾರದು ಅಂತ ನನಗೆ ತಿಳಿಬೇಕಲ್ಲ, ಅಷ್ಟೇ" ಎನ್ನುತ್ತಾರೆ.

ಬಾಯಲ್ಲಿ ಬಿಗಿಸಿದ ಮೇಲೆ ಆ ನಂಬರು ಯಾರ ಕಣ್ಣಿಗೂ ಬೀಳದು. ವಸಡು ಕರಗಿಹೋದ ಮೇಲೆ ಮಾತ್ರ ಮೂಳೆಗೂ ಸೆಟ್ಟಿಗೂ ನಡುವೆ ಕನ್ನಡಿ ತೂರುವಷ್ಟು ಸಂದಿ ಬಿಡುತ್ತದೆ. ನಾಲ್ಕು ವರ್ಷದಲ್ಲಿ ಐದು ಸಲ ಒತಿಲಿಯಾ ಗುಂಡಿಯಲ್ಲಿ ಸಿಕ್ಕ ತಲೆಬುರುಡೆಯ ಆ ಸಂದಿಯಲ್ಲಿ ತಮ್ಮದೇ ಕೈಬರಹ ಓದಿದ್ದಾರೆ. ಕೊನೆಯ ಮಾತು ಸರ್ಕಾರಿ ತಜ್ಞರದ್ದೇ. ಆದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ಅವರಿಗೂ ತಿಳಿದದ್ದು ಈ ನಂಬರಿನಿಂದ.

ಒಂದೇ ಒಂದು ಸೆಟ್ಟಿಗೆ ಅವರು ನಂಬರು ಹಾಕಲಿಲ್ಲ. ಅದು ಒಡಹುಟ್ಟಿದ ತಮ್ಮ ನಬೋರ್‌ನದು. ಲಾರಿ ಓಡಿಸುತ್ತಿದ್ದ, ಅಪಘಾತದಲ್ಲಿ ಮೇಲಿನ ಹಲ್ಲೆಲ್ಲ ಹೋಗಿದ್ದವು. "ಕೊರೆಯೋಕೆ ಮಷಿನ್ ಎತ್ತಿದೆ. 'ಬರೆ ಹಾಕೋಕೆ ನಾನೇನು ದನಾನೇನೇ ಅಕ್ಕಾ?' ಅಂದ. ನಕ್ಕು ಬಿಟ್ಟುಬಿಟ್ಟೆ." ಅದಾಗಿ ಎಂಟು ತಿಂಗಳಿಗೆ ನಬೋರ್ ಲಾರಿ ಸಮೇತ ಕಾಣೆಯಾದ. ಅಂದಿನಿಂದ ಪ್ರತಿ ಗುಂಡಿಯೊಳಗೆ ಕನ್ನಡಿ ಇಳಿಸುವಾಗಲೂ ಒತಿಲಿಯಾ ಹುಡುಕುವುದು ನಂಬರನ್ನಲ್ಲ, ನಂಬರು ಇಲ್ಲದ್ದನ್ನು.

ಕನ್ನಡಿ ನಿಲ್ಲುತ್ತದೆ. ಒತಿಲಿಯಾ ಟಾರ್ಚನ್ನು ಇನ್ನಷ್ಟು ಒಳಕ್ಕೆ ಚಾಚುತ್ತಾರೆ.

"ಏನಿದೆ? ಹೇಳೇ ಮಾರಾಯ್ತಿ" ಎನ್ನುತ್ತಾರೆ ಬ್ರಿಹಿದಾ.

"ನಾಲ್ಕು, ಒಂದು, ಏಳು."

ಪುಸ್ತಕ ತೆರೆಯುವ ಅಗತ್ಯವೇ ಇಲ್ಲ. ಬ್ರಿಹಿದಾರ ಗಂಡನ ಬಾಯಲ್ಲಿದ್ದದ್ದೂ ಒತಿಲಿಯಾ ಮಾಡಿದ ಸೆಟ್ಟೇ, ಅದರ ನಂಬರು ಬ್ರಿಹಿದಾಗೆ ಬಾಯಿಪಾಠ. ಆಕೆ ಸರಳನ್ನು ಕೆಳಗಿಟ್ಟು ಗುಂಡಿಯ ಅಂಚಿಗೆ ಬಂದು ಕೂರುತ್ತಾರೆ.

"ಇನ್ನೊಂದ್ಸಲ ನೋಡು. ಒಂದು ಅಲ್ಲ, ಏಳಿರಬಹುದು."

ಒತಿಲಿಯಾ ಮತ್ತೆ ಮಲಗಿ ನೋಡುತ್ತಾರೆ. "ಒಂದೇ ಕಣೇ."

ತಜ್ಞರು ಬರುವ ಹೊತ್ತಿಗೆ ಮಧ್ಯಾಹ್ನ. ಅಲ್ಲಿಯವರೆಗೂ ಬ್ರಿಹಿದಾ ಗುಂಡಿಯ ಅಂಚು ಬಿಟ್ಟು ಕದಲಲಿಲ್ಲ. ಯಾರೋ ಕೊಟ್ಟ ಕಾಫಿ ಕೈಯಲ್ಲೇ ಆರಿಹೋಯಿತು. ದೂರದಲ್ಲಿ ಒತಿಲಿಯಾ ಕನ್ನಡಿಯನ್ನು ಅಂಗಿಯ ಅಂಚಿಗೆ ಒರೆಸುತ್ತಲೇ ಇದ್ದಾರೆ. "ನಂಬರು ಕಂಡಿತಲ್ಲ, ಆ ಕ್ಷಣ ನನಗೆ ಸಮಾಧಾನ ಆಯ್ತು. ನಮ್ಮವನಲ್ಲ ಅಂತ. ಅವಳು ನನ್ನ ಎದುರಿಗೇ ನಿಂತಿದ್ಲು. ಥೂ, ಎಂಥ ಜನ್ಮ ನಂದು."

ಮುಂದಿನ ಶನಿವಾರ ಬ್ರಿಹಿದಾ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಗಂಡನನ್ನು ಮಣ್ಣು ಮಾಡಲು ಇನ್ನೂ ಕಾಗದಪತ್ರ ಬಂದಿಲ್ಲ. ಆದರೂ ಐದು ಗಂಟೆಗೇ ಸರಳು ಹಿಡಿದು ಒತಿಲಿಯಾ ಮನೆ ಬಾಗಿಲಲ್ಲಿ ನಿಂತಿದ್ದಾರೆ. "ಏಳೇ, ನಿನ್ನ ತಮ್ಮನ್ನ ಹುಡುಕೋಣ."

ದಾರಿಯಲ್ಲಿ ಬ್ರಿಹಿದಾ ಕೇಳಿಯೇಬಿಡುತ್ತಾರೆ: ನಂಬರೇ ಇಲ್ಲದ ಸೆಟ್ ಬೇರೆ ಲ್ಯಾಬಿನದೂ ಆಗಿರಬಹುದಲ್ಲ, ನಬೋರ್‌ನದೇ ಎಂದು ಗೊತ್ತಾಗುವುದು ಹೇಗೆ?

ಒತಿಲಿಯಾ ಕೆಮ್ಮು ನಿಲ್ಲುವವರೆಗೆ ಕಾಯುತ್ತಾರೆ.

"ವಸಡಿನ ಕಡೆ ಯಾರೂ ಹೊಳಪು ಕೊಡಲ್ಲ ಕಣೇ, ಕಾಣಲ್ಲವಲ್ಲ. ನಾನು ಅವನದಕ್ಕೆ ಕೊಟ್ಟಿದೀನಿ. ನಂಬರು ಬೇಡ ಅಂದನಲ್ಲ, ಆ ಜಾಗಾನ ಎರಡು ದಿನ ಕೂತು ತಿಕ್ಕಿದೆ. ಎಷ್ಟು ವರ್ಷ ಮಣ್ಣಲ್ಲಿದ್ದರೂ ಹೊಳೀತಿರತ್ತೆ."